ಸೂಕಿಯ ಹೆಸರು ಕೂಗಿದವಳು

ಸವಾನಾ ಊರಿನ ಹಳೇ ಬೀದಿಗಳಲ್ಲಿ ವಾರಕ್ಕೆ ಆರು ದಿನ, ಮಧ್ಯಾಹ್ನ ಮೂರಕ್ಕೆ, ಒಂದು ಹಳದಿ ಕೊಡೆ ಹೊರಡುತ್ತದೆ. ಕೊಡೆಯ ಕೆಳಗೆ ವರ್ಡೆಲ್, ಅವಳ ಹಿಂದೆ ಎಲ್ಲೆಲ್ಲಿಂದಲೋ ಬಂದ ಹದಿನೈದಿಪ್ಪತ್ತು ಜನ. ಅರವತ್ತೊಂದರ ಹೆಂಗಸು, ಮೈ ಭಾರ, ಮಂಡಿ ನೋವು. ಬಾಯಿಗೆ ಮಾತ್ರ ಇನ್ನೂ ಹದಿನಾರು. ಹೊಳೆದಂಡೆಯ ಇಳಿಜಾರಿನಲ್ಲಿ ನಿಂತು ಅವಳು ಶುರುಮಾಡಿದಳೆಂದರೆ ದೂರದಲ್ಲಿ ಹೋಗುವ ಸರಕಿನ ಹಡಗಿನವರೂ ಕೇಳಿಸಿಕೊಳ್ಳಬೇಕು.

"ನೋಡ್ಕೊಂಡು ಕಾಲಿಡ್ರಪ್ಪ. ಈ ಕಲ್ಲುಗಳು ಹಡಗಿನ ಹೊಟ್ಟೆ ತುಂಬ್ಕೊಂಡು ಸಮುದ್ರ ದಾಟಿ ಬಂದವು. ನಮ್ಮೋರೂ ಅಂಥದೇ ಹೊಟ್ಟೇಲಿ ಗುಲಾಮರಾಗಿ ಬಂದ್ರು. ಕಲ್ಲುಗಳನ್ನ ಯಾರೂ ಸಂತೇಲಿ ನಿಲ್ಲಿಸಿ ಹಲ್ಲು ನೋಡ್ಲಿಲ್ಲ, ಅಷ್ಟೇ ವ್ಯತ್ಯಾಸ."

ಅಲ್ಲಿಂದ ಹತ್ತಿ ವ್ಯಾಪಾರದ ಕಟ್ಟೆಗೆ, ಕಟ್ಟೆಯಿಂದ ಹಳೇ ಚರ್ಚಿಗೆ. ಮೂರೂವರೆಗೆ ಸರಿಯಾಗಿ ಓಕ್ ಮರಗಳ ಚೌಕದಲ್ಲಿರುವ ಹತ್ತಿ ಸಾಹುಕಾರನ ಮನೆಯ ಮುಂದೆ. ಅಲ್ಲಿ ಅವಳ ದನಿ ತಗ್ಗುತ್ತದೆ. ಕೊಡೆ ಮಡಚುತ್ತಾಳೆ. "ಮೂರನೇ ಮಹಡಿ, ಎಡಗಡೆ ಕಿಟಕಿ" ಎನ್ನುತ್ತಾಳೆ. ಇಪ್ಪತ್ತು ಕತ್ತು ಮೇಲೇಳುತ್ತವೆ. ಈ ಮನೆಯಲ್ಲಿ ಜೀತಕ್ಕಿದ್ದ ಒಂಬತ್ತು ವರ್ಷದ ಹುಡುಗಿ, ನೀರು ತರಲು ಹೋದವಳು ಹೊಳೆಪಾಲಾದಳು, ಈಗಲೂ ಆ ಕಿಟಕಿಗೆ ಬಂದು ನಿಲ್ಲುತ್ತಾಳೆ, ಹೆಸರು ಹಿಡಿದು ಕರೆದರೆ ಪರದೆ ಅಲ್ಲಾಡುತ್ತದೆ ಎಂದು ಕಥೆ ಹೇಳುತ್ತಾಳೆ. ಆಮೇಲೆ ವರ್ಡೆಲ್ ಕರೆಯುತ್ತಾಳೆ: "ಸೂಕೀ... ಬಾರೇ ಸೂಕೀ..."

ಶುದ್ಧ ಸುಳ್ಳು. ಆ ಮನೆಯಲ್ಲಿ ಅಂಥ ಹುಡುಗಿಯೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಪ್ರವಾಸ ಕಂಪನಿಯ ಮ್ಯಾನೇಜರ್, "ಏನಮ್ಮಾ, ಬೇರೆ ಗೈಡುಗಳು ಗೋಡೆಗೊಂದು ದೆವ್ವ ಸಾಕ್ಕೊಂಡಿದಾರೆ, ನಿನ್ಹತ್ರ ಒಂದೂ ಇಲ್ವಾ?" ಎಂದಿದ್ದ. ಮರುದಿನ ಆ ಮನೆಯ ಮುಂದೆ ನಿಂತು ಬಾಯಿ ತೆರೆದಾಗ ಕಥೆ ತಾನಾಗಿ ಬಂತು, ಕಥೆಯ ಜೊತೆ ಹೆಸರೂ ಬಂತು. ಹೆಸರು ಮಾತ್ರ ಸುಳ್ಳಲ್ಲ. ಅದು ಅವಳ ಸ್ವಂತ ಅಕ್ಕನದು, ಎಂದೋ ಸತ್ತವಳದು.

ಅದೂ ಬುಟ್ಟಿ ಹೆಸರು. ಕೂಸನ್ನು ಬುಟ್ಟಿಯಲ್ಲಿ ಮಲಗಿಸಿದಾಗ ಮನೆಯವರು ಇಡುವ, ಮನೆಯವರಷ್ಟೇ ಕರೆಯುವ ಹೆಸರು. ಚರ್ಚಿನ ಪುಸ್ತಕದಲ್ಲಿ ಬೇರೆ ಇರುತ್ತದೆ, ಗೋರಿಯ ಮೇಲೂ ಅದನ್ನೇ ಬರೆಯುತ್ತಾರೆ. ಸತ್ತ ಮೇಲೆ ಬುಟ್ಟಿ ಹೆಸರು ಹಿಡಿದು ಕೂಗುವಂತಿಲ್ಲ. ಕೂಗಿದರೆ ಎದ್ದು ಬರುತ್ತಾರೆ ಎಂದು ವರ್ಡೆಲಳ ಹಳ್ಳಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಇವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹನ್ನೊಂದು ವರ್ಷ ದಿನಾ ಕರೆದಳು. ಬರಲಿ ಎಂದೇ ಕರೆದಳು.

ಅವಳ ಹಳ್ಳಿ ಊರಿನಿಂದ ಅರ್ಧ ಗಂಟೆಯ ದಾರಿ, ಸಿಂಪಿ, ಏಡಿ ಹಿಡಿಯುವವರ ಹಿನ್ನೀರ ದಂಡೆ. ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಚೌಕಟ್ಟಿಗೆಲ್ಲ ನೀಲಿ ಬಳಿದ ಮನೆ. ಅಲ್ಲಿ ಅವಳೂ ಅವಳ ತಾಯಿ ಹೆಸ್ಟರಳೂ ಇಬ್ಬರೇ. ಹೆಸ್ಟರಳಿಗೆ ಎಂಬತ್ತಾರು. ಗಾಲಿಕುರ್ಚಿ ಬಿಟ್ಟು ಏಳಲಾರಳು, ಆದರೆ ಮಗಳನ್ನು ಬೈಯಲು ಏಳಬೇಕಾಗಿಯೂ ಇಲ್ಲ.

ಒಂದು ಗುರುವಾರ ವರ್ಡೆಲ್ ಮನೆಗೆ ಬಂದಾಗ ತಾಯಿ ಜಗಲಿಯಲ್ಲೇ ಕೂತಿದ್ದಳು. ತಟ್ಟೆಯಲ್ಲಿ ಕೆಂಪನ್ನ ಹಾಗೇ ಒಣಗಿತ್ತು.

"ಮೆಟ್ಟಿಲ ಮೇಲೆ ಬಂದು ಕೂತಿದ್ಲು ಕಣೇ" ಎಂದಳು ಹೆಸ್ಟರ್.

"ಯಾರಮ್ಮ?"

"ಇನ್ಯಾರು, ನಿನ್ನಕ್ಕ. ತೊಪ್ಪೆ ಒದ್ದೆ. ಜಡೆಯಿಂದ ನೀರು ತೊಟ್ಟಿಕ್ತಿತ್ತು."

"ಜೊಂಪು ಹತ್ತಿರ್ಬೇಕು ನಿಂಗೆ. ಕನಸು."

"ಕನಸಂತೆ ಕನಸು! ಮೂರೂವರೆ ಬಿಸಿಲಲ್ಲಿ ಬೆಂಡೆಕಾಯಿ ಹೆಚ್ಕೊಂಡು ಕೂತೋಳಿಗೆ ಕನಸಾ? ನನ್ನ ಕಣ್ಣಿಗೆ ಪೊರೆ ಬಂದಿರ್ಬಹುದು, ತಲೆಗೆ ಬಂದಿಲ್ಲ." ಹೆಸ್ಟರ್ ದನಿ ಇಳಿಸಿದಳು. "ಯಾರೋ ದಿನಾ ಕರೀತಾರಂತೆ. ಹೋಗಿ ನೋಡಿದ್ರೆ ಎಲ್ಲಾ ಗುರುತಿಲ್ದೋರು, ಕತ್ತೆತ್ತಿ ಯಾವ್ದೋ ಕಿಟಕಿ ನೋಡ್ತಾ ನಿಂತಿರ್ತಾರಂತೆ. ನಡೆದೂ ನಡೆದೂ ಸಾಕಾಯ್ತಮ್ಮ ಅಂತು ಮಗು. ಯಾವ ಪಾಪಿ ಮುಂಡೇದೇ ಅದು, ನನ್ನ ಕೂಸನ್ನ ಹಂಗೆ ಅಲೆದಾಡಿಸ್ತಿರೋದು?"

ವರ್ಡೆಲ್ ಹೆದರಿದಳು. ಊರಿನ ಚೌಕದಲ್ಲಿ ತಾನು ಹೇಳುವ ಕಥೆಯನ್ನು ಅವಳು ತಾಯಿಗೆ ಒಂದು ದಿನವೂ ಹೇಳಿದವಳಲ್ಲ. ಹೆದರಿಕೆಯ ಬೆನ್ನಿಗೇ ಇನ್ನೊಂದು ಬಂತು, ಅದಕ್ಕೆ ಹೊಟ್ಟೆಕಿಚ್ಚು ಎನ್ನದೆ ಬೇರೆ ಹೆಸರಿಲ್ಲ. ಐವತ್ತೈದು ವರ್ಷ ಕಾದವಳು ನಾನು, ಕರೆದವಳು ನಾನು, ಬಂದದ್ದು ಮಾತ್ರ ಅಮ್ಮನ ಹತ್ತಿರ!

ಅವಳು ಕರೆಯುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮರುದಿನ ಇನ್ನೂ ಜೋರಾಗಿ ಕರೆದಳು. ಅದರ ಮರುದಿನವೂ. ಅಲ್ಲಿ ಹಳ್ಳಿಯಲ್ಲಿ ತಾಯಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು. "ಒದ್ದೆ ಮಗು ಹೊರಗೆ ಕೂತಿರ್ವಾಗ ಯಾವ ತಾಯಿ ಮಲಗ್ತಾಳೆ ಹೇಳು. ಒಳಗೆ ಬಾ ಅನ್ನೋಣ ಅಂದ್ರೆ ನಾನೇ ಬಳಿಸಿದ ಹಾಳು ನೀಲಿ ಬಣ್ಣ" ಎಂದು ಗೋಳಾಡಿದಳು. ಒಂದು ವಾರದಲ್ಲಿ ಮುದುಕಿ ಅರ್ಧ ಇಳಿದುಹೋದಳು. ನೋಡಿದ ಡಾಕ್ಟರು ನಿದ್ದೆ ಬಾರದಿದ್ದರೆ ಈ ಜೀವ ಹೆಚ್ಚು ದಿನ ತಡೆಯುವುದಿಲ್ಲ ಎಂದರು.

ಭಾನುವಾರ ವರ್ಡೆಲಳಿಗೆ ರಜೆ. ಮೂರೂವರೆಗೆ ಅವಳು ಜಗಲಿಯಲ್ಲಿ ತಾಯಿಯ ಕುರ್ಚಿಯ ಹಿಂದೆ ನಿಂತಿದ್ದಳು. ಕಾಲು ಗಂಟೆ ಆಯಿತು, ಯಾರೂ ಬರಲಿಲ್ಲ. ಯಾಕೆ ಬರುತ್ತಾಳೆ? ಇವತ್ತು ಯಾರೂ ಕರೆದಿಲ್ಲ. ವರ್ಡೆಲಳಿಗೆ ತಡೆಯಲಾಗಲಿಲ್ಲ. ಕಥೆಯಲ್ಲಿ ಎಳೆದಂತೆಯೇ ರಾಗ ಎಳೆದು ಕರೆದೇಬಿಟ್ಟಳು: "ಸೂಕೀ... ಬಾರೇ ಸೂಕೀ..."

ಹೆಸ್ಟರ್ ನಿಧಾನವಾಗಿ ತಿರುಗಿ ಮಗಳ ಮುಖ ನೋಡಿದಳು.

"ನೀನಾ?"

ವರ್ಡೆಲ್ ಕುರ್ಚಿಯ ಹಿಡಿ ಬಿಟ್ಟು ಹಿಂದೆ ಸರಿದಳು.

"ನೀನೇನೇ ಅದು! ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದೋಳೇ!" ಮುದುಕಿಯ ಕಣ್ಣು ಮೆಟ್ಟಿಲ ಕಡೆ ಹೊರಳಿತು. "ಬಂದ್ಲು ನೋಡು. ಬಂದ್ಬಿಟ್ಲು."

"ಎಲ್ಲಮ್ಮ? ಎಲ್ಲಿ?" ವರ್ಡೆಲ್ ಮಂಡಿ ನೋವನ್ನೂ ಮರೆತು ಮೆಟ್ಟಿಲಿಗೆ ಓಡಿದಳು.

"ನಿನ್ನ ಕಾಲ ಹತ್ರಾನೇ ಇದಾಳಲ್ಲೇ."

ಬಿಸಿಲಿಗೆ ಬಿರುಕು ಬಿಟ್ಟ ಹಲಗೆ, ಒಂದು ಸಾಲು ಇರುವೆ. ಅಷ್ಟೇ. ವರ್ಡೆಲ್ ಗಾಳಿಯಲ್ಲಿ ಕೈಯಾಡಿಸಿದಳು, ಹಲಗೆ ತಡವಿದಳು, ಕೊನೆಗೆ ಅಲ್ಲೇ ಕುಸಿದು ಚಿಕ್ಕ ಮಗುವಿನಂತೆ ಹೋ ಎಂದು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಚೌಕದ ಮನೆ, ಕಿಟಕಿ, ಹನ್ನೊಂದು ವರ್ಷ. ಅದಕ್ಕೂ ಹಿಂದಿನದು: ಅಕ್ಕ ಮುಳುಗಿದ ದಿನ ಏಡಿಬುಟ್ಟಿಯ ಹಗ್ಗ ಕೆಸರಿನಲ್ಲಿ ಸಿಕ್ಕಿಸಿದ್ದು ತಾನು, ಅಮ್ಮ ಬೈಯುತ್ತಾಳೆಂದು ಹೆದರಿ ಅಕ್ಕನನ್ನು ನೀರಿಗಿಳಿಸಿದ್ದು ತಾನು, ಅವಳು ಮೇಲೆ ಬಾರದಿದ್ದಾಗ ಮನೆಗೆ ಓಡಿಬಂದು ಮಂಚದಡಿ ಅಡಗಿದ್ದು ತಾನು.

"ಒಂದ್ಸಲ ತಪ್ಪಾಯ್ತು ಅನ್ಬೇಕಿತ್ತಮ್ಮ. ಅಷ್ಟಕ್ಕೇ ಕರೆದೆ."

ಹೆಸ್ಟರ್ ಹಿನ್ನೀರಿನ ಕಡೆ ಮುಖ ತಿರುಗಿಸಿದಳು.

"ಆಗ ಆರು ವರ್ಷದ ಕೂಸು ನೀನು" ಎಂದಳು. "ನಿನ್ನ ಮೇಲೆ ನಂಗೆ ಅವತ್ತೂ ಸಿಟ್ಟಿಲ್ಲ, ಇವತ್ತೂ ಇಲ್ಲ. ಇವಳ್ನ ಅಲೆಸಿದ್ದಕ್ಕೆ ಇದೆ. ಅವತ್ತು ನಿನ್ನನ್ನ ಅವಳ ಪೆಟ್ಟಿಗೆ ಮೇಲೆ ದಾಟಿಸ್ಬೇಕಿತ್ತು. ನೀನು ಒದ್ದಾಡಿದೆ, ಕಚ್ಚಿದೆ, ಹಿರಿಯರ ಕೈಯಿಂದ ಜಾರಿ ಓಡ್ಹೋದೆ. ಹೆದರಿದೀಯ ಅಂತ ಬಿಟ್ಬಿಟ್ಟೆ."

"ಹೆದರಿಕೆಯಲ್ಲಮ್ಮ. ದಾಟಿಸಿದ್ರೆ ಅವಳು ನನ್ಹತ್ರ ಬರೋದೇ ಇಲ್ಲ ಅಂತ ಯಾರೋ ಅಂದ್ರು. ಅದಕ್ಕೇ ಓಡಿದೆ."

ಅವರಲ್ಲಿ ಹಾಗೆ. ಮನೆಯಲ್ಲಿ ಸಾವಾದರೆ ಚಿಕ್ಕ ಮಕ್ಕಳನ್ನು ಶವದ ಪೆಟ್ಟಿಗೆಯ ಮೇಲಿಂದ ಈಚೆಯವರು ಎತ್ತಿ ಆಚೆಯವರ ಕೈಗೆ ಕೊಡುತ್ತಾರೆ. ಅಲ್ಲಿಗೆ ಸತ್ತವರಿಗೂ ಮಗುವಿಗೂ ನಡುವಿನ ಹಗ್ಗ ಕಡಿಯಿತು. ಸತ್ತವರು ಮತ್ತೆ ಆ ಮಗುವಿನ ಸುತ್ತ ಸುಳಿಯುವುದಿಲ್ಲ, ಹೊರಟ ದಾರಿ ಹಿಡಿಯುತ್ತಾರೆ. ವರ್ಡೆಲಳ ಹಗ್ಗ ಐವತ್ತೈದು ವರ್ಷ ಕಡಿಯದೆ ಉಳಿದಿತ್ತು.

"ಈಗ ದಾಟ್ತೀಯೇನೇ?" ಎಂದು ಕೇಳಿದಳು ಹೆಸ್ಟರ್. ಆಜ್ಞೆಯಲ್ಲ, ಬೇಡಿಕೊಂಡಂತಿತ್ತು. "ಅವಳಿಗೆ ಸಾಕಾಗಿದೆ. ನಂಗೂ."

ದಾಟಿದರೆ ಅಕ್ಕ ಇನ್ನೆಂದಿಗೂ ಇಲ್ಲ. ಒಂದು ಮಾತು ಹೇಳುವ ಆಸೆಯೂ ಅಲ್ಲಿಗೆ ಮಣ್ಣು. ವರ್ಡೆಲ್ ಆ ರಾತ್ರಿಯೆಲ್ಲ ಹೊರಳಾಡಿದಳು. ಬೆಳಗ್ಗೆ ಎದ್ದು ತಾಯಿಯ ಕೆಂಪು ಕಣ್ಣು ನೋಡಿದಳು. ಚರ್ಚಿನ ಹಿರಿಯ ಕಾರ್ನೀಲಿಯಸನಿಗೆ ಫೋನು ಮಾಡಿದಳು.

ಕಾರ್ನೀಲಿಯಸನಿಗೆ ಎಪ್ಪತ್ತು, ಅವನು ಜೊತೆಗೆ ಕರೆತಂದ ತಮ್ಮ ಟೋಬಿಗೆ ಅರವತ್ತೆಂಟು. ಹಿನ್ನೀರ ಪಕ್ಕದ ಸ್ಮಶಾನದಲ್ಲಿ ಸೂಕಿಯ ಪುಟ್ಟ ಗೋರಿಯ ಸುತ್ತ ಒಡೆದ ಬಟ್ಟಲು, ಸಿಂಪಿ ಚಿಪ್ಪು ಹರಡಿದ್ದವು. ಆಚೆ ಬದಿಗೆ ಹೆಸ್ಟರಳ ಗಾಲಿಕುರ್ಚಿ. ಈಚೆ ಬದಿಗೆ ಅಣ್ಣತಮ್ಮಂದಿರು ವರ್ಡೆಲಳನ್ನು ಮೇಲಿಂದ ಕೆಳಗೆ ಅಳೆದರು.

"ಐವತ್ತೈದು ವರ್ಷದ ಹಿಂದೇನೇ ಸುಮ್ನೆ ದಾಟಿದ್ರೆ ಒಂದ್ಕೈಲಿ ಆಗೋದು" ಎಂದ ಟೋಬಿ.

"ನಮ್ಮಪ್ಪನ ಹೆಬ್ಬೆಟ್ಟಿಗೆ ನೀನು ಕಚ್ಚಿದ ಗುರುತು ಸಾಯೋವರ್ಗೂ ಇತ್ತು" ಎಂದ ಕಾರ್ನೀಲಿಯಸ್. "ಈಗೇನಾದ್ರೂ ಕಚ್ಚಿದ್ಯೋ, ಅರ್ಧದಲ್ಲೇ ಕೈ ಬಿಡ್ತೀನಿ."

"ಹಲ್ಲು ಸೆಟ್ಟು ಮನೇಲಿಟ್ಟು ಬಂದಿದೀನಿ, ಎತ್ತಣ್ಣ" ಎಂದಳು ವರ್ಡೆಲ್. ನಕ್ಕರು. ಅವಳೂ ನಕ್ಕಳು.

ಒಬ್ಬ ಕಂಕುಳಿಗೆ ಕೈ ಕೊಟ್ಟ, ಇನ್ನೊಬ್ಬ ತೊಡೆಯಡಿಗೆ. "ಸ್ವಾಮೀ, ಈ ಮಗು ಈಚೆಯದು, ಆ ಮಗು ನಿನ್ನದು" ಎಂದು ಕಾರ್ನೀಲಿಯಸ್ ಪ್ರಾರ್ಥನೆ ಹೇಳಿದ. ಇಬ್ಬರೂ ಉಸಿರು ಕಟ್ಟಿ ಎತ್ತಿದರು. ಗೋರಿಯ ನಟ್ಟನಡುವೆ ಬಂದಾಗ ಟೋಬಿಯ ಸೊಂಟ ಹಿಡಿಯಿತು.

"ತಡಿ ತಡಿ, ಒಂಚೂರು ಉಸಿರು ತಗೋತೀನಿ."

ವರ್ಡೆಲ್ ಅಕ್ಕನ ಗೋರಿಯ ಮೇಲೆ ತೂಗಾಡುತ್ತಿದ್ದಳು. ಆಗ ಅವಳ ಎಡಗಾಲ ಹರಡನ್ನು ಒಂದು ಕೈ ಹಿಡಿಯಿತು.

ಪುಟ್ಟ ಕೈ. ಒದ್ದೆ, ತಣ್ಣಗೆ. ಹೆಬ್ಬೆರಳು ಒಳಗಡೆ, ನಾಲ್ಕು ಬೆರಳು ಹೊರಗಡೆ. ನೀರಿನಲ್ಲಿ ಆಡುವಾಗ ಕೆಳಗಿನಿಂದ ಬಂದು ಹೀಗೇ ಹಿಡಿಯುತ್ತಿದ್ದವಳು ಒಬ್ಬಳೇ. ವರ್ಡೆಲಳಿಗೆ ಹೆದರಿಕೆ ಒಂದಿಷ್ಟೂ ಆಗಲಿಲ್ಲ. ಬಂದಳು, ಕೊನೆಗೂ ನನ್ನ ಹತ್ತಿರ ಬಂದಳು ಎಂದು ಜೀವವೆಲ್ಲ ಆ ಕಾಲಿಗೆ ಇಳಿಯಿತು. ಸಾಕು, ಇಳಿಸಿ ಎಂದರೆ ಇಳಿಸುತ್ತಿದ್ದರು. ಮುದುಕರು ಅದನ್ನೇ ಕಾಯುತ್ತಿದ್ದಂತಿತ್ತು. ಎದುರಿಗೆ ತಾಯಿ ಎರಡೂ ಕೈ ಚಾಚಿ ಕೂತಿದ್ದಳು.

"ತಪ್ಪಾಯ್ತು ಅಕ್ಕಾ" ಎಂದಳು ವರ್ಡೆಲ್. ಹೆಸರು ಹೇಳಲಿಲ್ಲ.

ಹಿಡಿತ ಒಂದು ಸಲ ಬಿಗಿಯಾಯಿತು.

"ಏನಂದ್ಯಮ್ಮ? ಇಳಿಸ್ಲಾ?" ಎಂದ ಟೋಬಿ.

"ಬೇಡಣ್ಣ. ದಾಟ್ಸಿ."

ಎತ್ತಿದರು. ಮೊದಲು ಅಂಗೈ ಜಾರಿತು, ಆಮೇಲೆ ಒಂದೊಂದೇ ಬೆರಳು. ಕಿರುಬೆರಳು ಎಲ್ಲಕ್ಕಿಂತ ತಡವಾಗಿ ಬಿಟ್ಟಿತು. ಅರವತ್ತೊಂದು ವರ್ಷದ ಮಗಳ ತಲೆ ಎಂಬತ್ತಾರರ ತಾಯಿಯ ತೊಡೆಯ ಮೇಲೆ ಬಿತ್ತು, ಮುದುಕಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ಹೋದ್ಲು ಕಣೇ" ಎಂದಳು ಹೆಸ್ಟರ್. ಮಗಳ ಕೂದಲಲ್ಲಿ ಕೈಯಿಟ್ಟುಕೊಂಡೇ ಅಲ್ಲೇ ನಿದ್ದೆಹೋದಳು, ಸಣ್ಣಗೆ ಗೊರಕೆಯೂ ಬಂತು. ಟೋಬಿ ಸೊಂಟ ಹಿಡಿದುಕೊಂಡು ಸದ್ದಾಗದಂತೆ ದೂರ ಸರಿದ. ವರ್ಡೆಲ್ ನೆಲದ ಮೇಲೆ ಕೂತು ಎಡಗಾಲನ್ನು ಮಡಿಲಿಗೆ ಎಳೆದುಕೊಂಡಳು. ಹರಡಿನ ಸುತ್ತ ಆ ತಣ್ಣಗಿನ ಒದ್ದೆ ಇನ್ನೂ ಉಳಿದಿತ್ತು. ಬಿಸಿಲು ತಾಗಿ ಅದು ಬೇಗ ಆರಿಹೋಗದಿರಲೆಂದು ಎರಡೂ ಅಂಗೈಯಿಂದ ಮುಚ್ಚಿ ಹಿಡಿದು ಕೂತಳು.