ಮಲಗಬಾರದ ಜಾಗ

ಅಪ್ಪನಿಗೆ ಲಕ್ವ ಹೊಡೆಯುವುದಕ್ಕೂ ಮುಂಚೆಯೇ ಅಪ್ಪ ಮಗಳ ನಡುವೆ ಮಾತು ನಿಂತಿತ್ತು. ಮಾತೆಂದರೆ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎನ್ನುವ ಮಾತಲ್ಲ. ಅವು ನಡೆಯುತ್ತಲೇ ಇದ್ದವು. ನಿಂತದ್ದು ಕೆಲಸದ ಮಾತು. ಇಬ್ಬರಿಗೂ ಬೇರೆ ಮಾತು ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ, ಅದೊಂದು ನಿಂತ ಮೇಲೆ ಮನೆಯಲ್ಲಿ ಕೇಳುತ್ತಿದ್ದದ್ದು ಅಮ್ಮನ ಪಾತ್ರೆಗಳ ಸದ್ದು ಮಾತ್ರ.

ಅಪ್ಪ ತೂಕದ ಯಂತ್ರ ಮಾಡುವ ಕಂಪನಿಯಲ್ಲಿ ಕೋಡ್ ಬರೆದು ನಿವೃತ್ತನಾದವನು. ಗೋದಾಮುಗಳಲ್ಲಿ ಮೂಟೆ ತೂಗುವ ಯಂತ್ರದ ಹೊಟ್ಟೆಯೊಳಗೆ ಒಂದು ಚಿಪ್ ಕೂತಿರುತ್ತದೆ. ಅದನ್ನು ಎಬ್ಬಿಸಿ, ಮಾತಾಡಿಸಿ, ಅದು ಹೇಳಿದ ತೂಕವನ್ನು ಕರ್ನಲ್‌ಗೆ, ಅಂದರೆ ಯಂತ್ರದೊಳಗಿನ ಎಲ್ಲ ಕೆಲಸಗಳಿಗೂ ಸರದಿ ಹಂಚುವ ಆ ಯಜಮಾನನಿಗೆ, ಮುಟ್ಟಿಸುವ ಕೋಡ್ ಅಪ್ಪನದು. ಹಳೆಯ ಭಾಷೆಯಲ್ಲಿ ಬರೆದದ್ದು. ಆ ಭಾಷೆ ಯಾರನ್ನೂ ತಡೆಯುವುದಿಲ್ಲ. ಮೆಮೊರಿಯಲ್ಲಿ ಕಂಡವರ ಜಾಗಕ್ಕೆ ಕೈಹಾಕಿದರೂ ಕಂಡೂ ಕಾಣದಂತೆ ಸುಮ್ಮನಿದ್ದುಬಿಡುತ್ತದೆ. ಮಗಳು ಅದೇ ಕಂಪನಿ ಸೇರಿ, ಅದೇ ಕೋಡನ್ನು ಹೊಸ ಭಾಷೆಗೆ ತರುವ ಕೆಲಸ ಹಿಡಿದಳು. ಹೊಸ ಭಾಷೆ ಬಲು ಕಟ್ಟುನಿಟ್ಟು. ಯಾವ ವಸ್ತು ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಇರುತ್ತದೆ ಎಂದು ಕೇಳಿ ಕೇಳಿ ಪ್ರಾಣ ತಿಂದು, ಸಮಾಧಾನವಾದರೆ ಮಾತ್ರ ಹೊಸಿಲು ದಾಟಲು ಬಿಡುತ್ತದೆ.

ಕರ್ನಲ್ ಇನ್ನೂ ಹಳೆಯ ಭಾಷೆಯಲ್ಲೇ ಇದ್ದುದರಿಂದ, ಅದರ ಒಂದೊಂದು ಫಂಕ್ಷನ್ನಿಗೂ ಹೊಸ ಭಾಷೆಯ ಹೊದಿಕೆ ಹೊಲಿಯಬೇಕಿತ್ತು. ಮಗಳ ಪಾಲಿಗೆ ಬಂದದ್ದು ಕಾಯುವ ಫಂಕ್ಷನ್ನುಗಳು.

"ನನ್ನ ಕೋಡಿಗೆ ಕಂಬಳಿ ಹೊದಿಸ್ತಾಳಂತೆ. ಅದಕ್ಕೇನು ಚಳಿಜ್ವರ ಬಂದಿದೆಯಾ?" ಎಂದಿದ್ದ ಅಪ್ಪ ಊಟಕ್ಕೆ ಕೂತಾಗ. ಅಲ್ಲಿಗೆ ಬಿಟ್ಟಿದ್ದರೆ ತಮಾಷೆಯಾಗಿಯೇ ಉಳಿಯುತ್ತಿತ್ತು. ಬಿಡಲಿಲ್ಲ. "ಕೈಮೇಲೆ ನಿಗಾ ಇಲ್ಲದವರಿಗೆ ಅಂತ ಮಾಡಿರೋ ಭಾಷೆ ಅದು."

"ನಿನ್ನ ಕೋಡ್ ಅರ್ಥ ಮಾಡ್ಕೊಳ್ಳೋಕೆ ಪಕ್ಕದಲ್ಲಿ ನೀನೇ ಕೂತಿರಬೇಕು. ನೀನಿಲ್ದಿದ್ರೆ ಅದೂ ಸತ್ತ ಹಾಗೇ," ಎಂದಳು ಮಗಳು.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಪ್ಪ ಕೈತೊಳೆದು ಎದ್ದ. ಅಂದಿನಿಂದ ಅವನು ಅವಳ ಕೆಲಸದ ಬಗ್ಗೆ ತುಟಿ ಬಿಚ್ಚಲಿಲ್ಲ, ಇವಳೂ ಬಿಗುಮಾನ ಬಿಡಲಿಲ್ಲ. ಹಠದಲ್ಲಿ ಮಾತ್ರ ಇಬ್ಬರೂ ಒಂದೇ ಅಚ್ಚು.

ಹಾಗೆ ನೋಡಿದರೆ ಕಾಯುವುದು ಹೇಗೆಂದು ಅವಳಿಗೆ ಕಲಿಸಿದವನೇ ಅಪ್ಪ. ಅವಳಿನ್ನೂ ಕಾಲೇಜಿನಲ್ಲಿದ್ದಾಗ, ಇದೇ ಊಟದ ಮೇಜಿನ ಮೇಲೆ ಚಮಚ ಲೋಟಗಳನ್ನಿಟ್ಟು ಪಾಠ ಹೇಳಿದ್ದ. "ಕಾಯೋದ್ರಲ್ಲಿ ಎರಡು ಥರ ಕಣೇ. ಒಂದು, ಮಲಗಿ ಕಾಯೋದು. ನಿನ್ನ ಸರದಿ ಬೇರೆಯವರಿಗೆ ಕೊಟ್ಟು ಮಲಗ್ತೀಯ, ಕರ್ನಲ್ ಬಂದು ಎಬ್ಬಿಸುತ್ತೆ. ಇಷ್ಟು ಹೊತ್ತಿಗಿಂತ ಮುಂಚೆ ಎಬ್ಬಿಸಲ್ಲ ಅಂತ ಮಾತು ಕೊಡುತ್ತೆ. ಎಷ್ಟು ತಡ ಆಗುತ್ತೆ ಅಂತ ಮಾತ್ರ ಹೇಳಲ್ಲ. ಇನ್ನೊಂದು, ನಿಂತು ಕಾಯೋದು. ಜಾಗ ಬಿಡದೆ, ಯಾರಿಗೂ ಸರದಿ ಕೊಡದೆ, ನಿಂತಲ್ಲೇ ಗಿರಗಿರ ಸುತ್ತುತಾ ಇರೋದು. ದಂಡ. ಆದ್ರೆ ಒಂದೊಂದು ಸಲ ಅದೇ ಬೇಕು."

"ಯಾವಾಗ?"

"ಕೈಯಲ್ಲಿ ಬೀಗ ಇದ್ದಾಗ. ಅಂದ್ರೆ ಬೇರೆ ಕೋಡ್ ಒಳಗೆ ಬರದ ಹಾಗೆ ನೀನು ತಡೆದಿಟ್ಟಾಗ. ಕೀಲಿಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ನೀನು ಹಾಯಾಗಿ ಮಲಗಿದ್ರೆ, ಬಾಗಿಲ ಹೊರಗೆ ನಿಂತವರ ಗತಿಯೇನು? ಬೇರೆ ಏನು ಮರೆತರೂ ಇದೊಂದು ಮರೀಬೇಡ. ಬೀಗ ಹಿಡ್ಕೊಂಡು ಮಲಗಬಾರದು."

"ಹೇಳೋದು ನೋಡು. ಟೀವಿ ರಿಮೋಟ್ ಮುಷ್ಟೀಲಿ ಹಿಡ್ಕೊಂಡೇ ಗೊರಕೆ ಹೊಡೆಯೋರು ಇವರು," ಎಂದಿದ್ದಳು ಅಮ್ಮ ಒಳಗಿನಿಂದ. ಮೂವರೂ ನಕ್ಕಿದ್ದರು.

ಈಗ ಅಪ್ಪ ಮಲಗಿದ್ದ. ಬಾಡಿಗೆಗೆ ತಂದ ಆಸ್ಪತ್ರೆ ಮಂಚ ಹಜಾರದ ಅರ್ಧ ಜಾಗ ತಿಂದಿತ್ತು. ಕಾಲಿನ ಕಡೆ ಇದ್ದ ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಕಿರ್ರೆಂದು ಮೇಲೇಳುತ್ತಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ಕಟ್ಟಿತ್ತು. ಮಾತು ಕಲಿಸಲು ಬರುತ್ತಿದ್ದಾಕೆ ಒಂದು ಎಚ್ಚರಿಕೆ ಹೇಳಿದ್ದಳು: "ಬಂದ್ರೂ ಅರ್ಧ ಬರುತ್ತೆ. ಪದದ ಬಾಲ ಉದುರಿಹೋಗಿರುತ್ತೆ. ಮಿಕ್ಕರ್ಧ ನೀವು ತುಂಬ್ಕೋಬೇಕು." ದಿನಾ ಬರುವ ನರ್ಸು ಹೇಳಿದ್ದು ಇನ್ನೊಂದು: ಸೊಂಟದ ಕೆಳಗೆ ಚರ್ಮ ಕೆಂಪಾಗುತ್ತಿದೆ, ಉಣ್ಣಿಸುವಾಗ ಬಿಟ್ಟರೆ ಹೆಚ್ಚು ಹೊತ್ತು ಕೂರಿಸಬೇಡಿ. ಅಮ್ಮ ತಲೆಯಾಡಿಸಿದ್ದಳು, ಮಗಳೂ ತಲೆಯಾಡಿಸಿದ್ದಳು.

ಅಮ್ಮ ಮಂಚದ ಪಕ್ಕದ ಕುರ್ಚಿ ಬಿಟ್ಟು ಕದಲುತ್ತಿರಲಿಲ್ಲ. ಒಳಗೆ ಹೋಗಿ ಸ್ವಲ್ಪ ಬೆನ್ನು ಹಾಕು ಎಂದರೆ, "ನಾನು ಮಲಗಿದಾಗ್ಲೇ ಇವರಿಗೇನಾದ್ರೂ ಆದ್ರೆ?" ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದಳು. ಕಣ್ಣು ಕೆಂಪಗೆ, ಕಾಲು ಊದಿ, ಎರಡು ಮಾತಿಗೊಮ್ಮೆ ತೂಕಡಿಸುತ್ತ ಕೂತೇ ಇರುವಳು.

ಇತ್ತ ಆಫೀಸಿನಲ್ಲಿ ಮಗಳ ಕೆಲಸ ಒಂದೇ ಒಂದು ಸಾಲಿಗೆ ಸಿಕ್ಕಿಬಿದ್ದಿತ್ತು. ಚಿಪ್ಪನ್ನು ಎಬ್ಬಿಸಿದ ಮೇಲೆ ಅದು ಸುಧಾರಿಸಿಕೊಳ್ಳಲಿ ಎಂದು ಅಪ್ಪನ ಕೋಡ್ ಒಂದು ಕಡೆ ನಿಂತು ಕಾಯುತ್ತಿತ್ತು. ಪಕ್ಕದಲ್ಲಿ ಅವನದೇ ಟಿಪ್ಪಣಿ: ಇದನ್ನು ಮುಟ್ಟಬೇಡಿ. ಯಾಕೆ ಮುಟ್ಟಬಾರದೆಂದು ಬರೆದರೆ ಗಂಟೇನು ಹೋಗುತ್ತಿತ್ತೋ! ಅವಳ ಹೊದಿಕೆಯನ್ನು ಪರಿಶೀಲಿಸಿದವರೆಲ್ಲ ಅಲ್ಲಿಗೇ ಬೆರಳಿಟ್ಟರು. ಇಷ್ಟು ಹೊತ್ತು ನಿಂತು ಕಾಯುವುದು ದಂಡವಲ್ಲವೇ, ಮಲಗಿ ಕಾಯಲು ಏನಡ್ಡಿ? ಅವಳಲ್ಲಿ ಉತ್ತರವಿರಲಿಲ್ಲ. ಇದ್ದವನಿಗೆ ಬಾಯಿರಲಿಲ್ಲ. ಬಾಯಿದ್ದಾಗ ಕೇಳಲು ಇವಳಿಗೆ ಬಿಗುಮಾನ.

"ಈ ವಾರ ಆಗ್ಲೇಬೇಕು," ಎಂದ ತಂಡದ ಮುಖ್ಯಸ್ಥ. ಅವನ ಬಾಯಲ್ಲಿ ಬೇರೆ ಮಾತೇ ಇಲ್ಲದ್ದರಿಂದ ಎಲ್ಲರೂ ಅವನನ್ನು ಬೆನ್ನ ಹಿಂದೆ ‘ಆಗ್ಲೇಬೇಕು’ ಎಂದೇ ಕರೆಯುತ್ತಿದ್ದರು.

ನಿಜ ಹೇಳಬೇಕೆಂದರೆ ಆಗ್ಲೇಬೇಕುವಿನ ಹೆದರಿಕೆ ಅವಳಿಗೆ ಅಷ್ಟಿರಲಿಲ್ಲ. ಅವಳಿಗೆ ಬೇಕಿದ್ದದ್ದು ಅಪ್ಪನ ಒಂದು ಮಾತು. ಸರಿಯಿದೆ ಅನ್ನಲಿ, ತಪ್ಪು ಅನ್ನಲಿ, ಕಂಬಳಿ ಅಂತ ಮತ್ತೆ ಅಣಕಿಸಲಿ. ನೀನಿಲ್ದಿದ್ರೆ ಅದೂ ಸತ್ತ ಹಾಗೇ ಎಂದ ತನ್ನ ಮಾತಿನ ಮೇಲೆ ಅವನದೊಂದು ಮಾತು ಬಿದ್ದರೆ ಸಾಕಿತ್ತು. ಅದಕ್ಕಾಗಿ ಅವಳು ಏನು ಬೇಕಾದರೂ ಕೊಡುತ್ತಿದ್ದಳು.

ರಜೆಯ ದಿನ ಮಧ್ಯಾಹ್ನ ಅಪ್ಪನಿಗೆ ಗಂಜಿ ಕುಡಿಸಿ ಆಗಿತ್ತು. ಮಂಚದ ತಲೆಭಾಗ ಇನ್ನೂ ಎತ್ತಿಯೇ ಇತ್ತು. ಅಮ್ಮ ಇಳಿಸಲು ಹೋದಾಗ ಮಗಳು ತಡೆದಳು. "ಒಂದ್ನಿಮಿಷ ಇರಮ್ಮ, ಏನೋ ತೋರಿಸ್ಬೇಕು." ಇಳಿಸುವುದಿರಲಿ, ಪರದೆ ಸರಿಯಾಗಿ ಕಾಣಲೆಂದು ಹಿಡಿಕೆಯನ್ನು ಇನ್ನೆರಡು ಸುತ್ತು ತಿರುಗಿಸಿ, ಅಪ್ಪನ ಬೆನ್ನಿಗೆ ದಿಂಬು ಕೊಟ್ಟು, ಲ್ಯಾಪ್‌ಟಾಪನ್ನು ಅವನ ಎದುರು ಹಿಡಿದಳು.

"ಅಪ್ಪ, ಈ ಸಾಲು ನೋಡು. ನೀನು ಬರೆದಿದ್ದು. ಇಲ್ಲಿ ನಿಂತು ಕಾಯ್ಬೇಕಾ, ಮಲಗಿ ಕಾಯ್ಬೇಕಾ? ನಿಂತೇ ಅನ್ನೋದಾದ್ರೆ ತಲೆ ಅಲ್ಲಾಡಿಸು ಸಾಕು."

ಅಪ್ಪ ಪರದೆ ನೋಡಿದ. ಅವಳ ಮುಖ ನೋಡಿದ. ತುಟಿಯ ಎಡತುದಿ ನಡುಗಿತು. ಗಂಟಲಲ್ಲಿ ಏನೋ ಗೊರಗೊರ ಎಂದಿತು.

"ಮ... ಮಲ... ಮಲಗು."

ಲೋಟ ತೊಳೆಯುತ್ತಿದ್ದ ಅಮ್ಮ ಓಡಿಬಂದಳು. ಲಕ್ವ ಹೊಡೆದ ಮೇಲೆ ಮೊದಲ ಮಾತು!

"ಏನಂದ್ರಿ? ಇನ್ನೊಂದ್ಸಲ ಹೇಳ್ರೀ!"

ಅಪ್ಪ ಅಮ್ಮನ ಕಡೆ ಕಣ್ಣು ಹೊರಳಿಸಿದ. "ಮಲಗು... ಮಲಗು."

"ನೋಡೇ, ನನಗೆ ಮಲಗು ಅಂತಾರೆ!" ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಇಂಥ ಹೊತ್ತಲ್ಲೂ ನನ್ನ ನಿದ್ದೆ ಚಿಂತೆ ಇವರಿಗೆ. ಆಯ್ತುರೀ, ಮಲಗ್ತೀನಿ, ಇದೋ ಹೋಗಿ ಮಲಗ್ತೀನಿ." ಎಷ್ಟೋ ಕಾಲದ ಮೇಲೆ ಒಳಗೆ ಹೋಗಿ ಮಂಚದ ಮೇಲೆ ಉದ್ದಕ್ಕೆ ಬೆನ್ನು ಚಾಚಿದಳು. ಚಾಚಿದ್ದೇ ತಡ, ಸತ್ತಂತೆ ನಿದ್ದೆ ಹೋದಳು.

ಮಗಳು ಮನಸ್ಸಿನಲ್ಲೇ ನಕ್ಕಳು. ಪಾಪ ಅಮ್ಮ, ಹಾಗೇ ತಿಳಿದುಕೊಂಡಿರಲಿ. ತನಗೆ ಗೊತ್ತಿತ್ತು, ಅದು ತನ್ನ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ. ಅಪ್ಪ ತನ್ನ ಕೋಡ್ ಓದಿದ್ದಾನೆ, ಬಿದ್ದ ನಾಲಿಗೆಯನ್ನು ಎಬ್ಬಿಸಿ ಹೇಳಿದ್ದಾನೆ. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಲ್ಲೇ ಕುರ್ಚಿ ಎಳೆದು ಕೂತು ಸಾಲು ತಿದ್ದಿದಳು. ಜೊತೆಗೆ ಉಳಿದ ಹೊದಿಕೆಗಳನ್ನೂ ಒಪ್ಪಮಾಡಿದಳು, ವಿವರಣೆ ಬರೆದಳು. ಅಂಥ ಮಧ್ಯಾಹ್ನ ಅವಳ ಪಾಲಿಗೆ ಬಂದು ಎಷ್ಟು ಕಾಲವಾಗಿತ್ತೋ. ಅಪ್ಪ ಪಕ್ಕದಲ್ಲಿ ಕೂತಿದ್ದಾನೆ, ತಾನು ಬರೆಯುತ್ತಿದ್ದೇನೆ, ಹಳೆಯ ಹಾಗೆ.

ಆಗಾಗ ಅಪ್ಪ, "ಮಲಗು," ಎನ್ನುತ್ತಿದ್ದ.

"ಆಯ್ತಪ್ಪ, ಮಲಗ್ಸಿದೆ. ನೋಡಿಲ್ಲಿ, ಮಲಗ್ಸಿ ಆಯ್ತು," ಎಂದು ಅವಳು ಪರದೆ ತೋರಿಸುತ್ತಿದ್ದಳು.

ಅವನ ಕಣ್ಣಿಂದ ನೀರಿಳಿಯಿತು. ಅವಳು ತನ್ನ ದುಪಟ್ಟಾದ ತುದಿಯಿಂದ ಒರೆಸಿ, ತಾನೂ ಅತ್ತಳು. ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಸರಿಯಿತು. ಅಪ್ಪನ ದನಿ ಸಣ್ಣದಾಗುತ್ತ ಬಂದು ನಿಂತಿತು. ದಣಿದಿದ್ದಾನೆ ಎಂದುಕೊಂಡಳು. ಅಮ್ಮ ಎದ್ದು ಬಂದು ದೀಪ ಹಾಕಿದ ಮೇಲೆಯೇ ಮಂಚ ಇಳಿದದ್ದು.

ಮರುದಿನ ಆಫೀಸಿನಲ್ಲಿ ಹೊಸ ಕೋಡನ್ನು ತೂಕದ ಯಂತ್ರದ ಬೋರ್ಡಿಗೆ ಹಾಕಿ ಚಾಲೂ ಮಾಡಿದಳು. ಹೊಸ ಭಾಷೆ ಎಲ್ಲವನ್ನೂ ಕೆದಕಿ ನೋಡಿ ಒಪ್ಪಿತ್ತು. ಬೋರ್ಡ್ ಎದ್ದಿತು, ಚಿಪ್ಪನ್ನು ಕರೆಯಿತು, ಹಾಗೇ ಕಲ್ಲಾಗಿ ನಿಂತುಬಿಟ್ಟಿತು. ಪರದೆಯ ಕೊನೆಯ ಸಾಲಿನಲ್ಲಿ ಕರ್ನಲ್‌ನ ಬೈಗುಳ: ಮಲಗಬಾರದ ಜಾಗದಲ್ಲಿ ಮಲಗುವ ಕರೆ ಬಂದಿದೆ.

ಹುಡುಕುತ್ತ ಹೋದಳು. ಇನ್ಯಾವುದೋ ಕಡತದಲ್ಲಿ, ಇನ್ಯಾರೋ ಬರೆದ ಕೋಡ್ ಮೊದಲೇ ಬೀಗ ಹಿಡಿದು ನಂತರ ಅಪ್ಪನ ಕೋಡನ್ನು ಕರೆಯುತ್ತಿತ್ತು. ಹೊಸ ಭಾಷೆ ಮೆಮೊರಿ ಕಾಯಬಲ್ಲದು. ದೂರದಲ್ಲಿ ಯಾರು ಯಾವ ಬೀಗ ಹಿಡಿದಿದ್ದಾರೆಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ನಿಂತು ಕಾದಿದ್ದ, ಅದಕ್ಕೇ ಮುಟ್ಟಬೇಡಿ ಎಂದಿದ್ದ.

ಬೀಗ ಹಿಡ್ಕೊಂಡು ಮಲಗಬಾರದು. ಪ್ರಾಣ ಹೋದರೂ ಅಪ್ಪ ಅಲ್ಲಿ ಮಲಗು ಎನ್ನುವವನಲ್ಲ.

ಹಾಗಾದರೆ ಅವನು ಹೇಳುತ್ತಿದ್ದದ್ದೇನು?

ಪದದ ಬಾಲ ಉದುರಿರುತ್ತೆ ಎಂದಿದ್ದಳು ಮಾತು ಕಲಿಸುವಾಕೆ. ಮಗಳು ಆ ಬಾಲವನ್ನು ಸೇರಿಸಿ ನೋಡಿದಳು. ಮಲಗ್ಸು. ನನ್ನ ಮಲಗ್ಸು. ತಾನು ಇನ್ನೆರಡು ಸುತ್ತು ತಿರುಗಿಸಿದ್ದ ಹಿಡಿಕೆ ನೆನಪಾಯಿತು. ಚೀಲವನ್ನು ಕುರ್ಚಿಯಲ್ಲೇ ಬಿಟ್ಟು ಓಡಿದಳು. ಹಿಂದಿನಿಂದ ಆಗ್ಲೇಬೇಕು ಏನೋ ಕೂಗಿದ್ದು ಕಿವಿಗೆ ಬೀಳಲಿಲ್ಲ.

ಮನೆಗೆ ಬಂದಾಗ ನರ್ಸು ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಹೊದಿಕೆ ಸರಿಸಿದ್ದಳು. ಸೊಂಟದ ಕೆಳಗೆ ಕೆಂಪಗಿದ್ದ ಚರ್ಮ ಒಡೆದು, ಒಳಗಿನ ಮಾಂಸ ಕಾಣುತ್ತಿತ್ತು. ಹಾಸಿಗೆಗೆ ರಕ್ತ ಅಂಟಿತ್ತು.

"ನಿನ್ನೆ ಎಷ್ಟು ಹೊತ್ತು ಕೂರ್ಸಿದ್ರಿ ಇವರನ್ನ?" ಎಂದಳು ನರ್ಸು. ದನಿ ಏರಿರಲಿಲ್ಲ, ಏರಿದ್ದರೆ ವಾಸಿಯಿತ್ತು. "ಕೆಂಪಾಗಿದ್ದ ಜಾಗದ ಮೇಲೇ ಕೂತಿದಾರೆ. ನೋವು ಅಂತ ಏನೂ ಹೇಳ್ಲಿಲ್ವಾ?"

"ನಾನು ಮಲಗಿಬಿಟ್ಟಿದ್ದೆ ಸಿಸ್ಟರ್," ಎಂದಳು ಅಮ್ಮ. "ಅವರೇ ಮಲಗು ಅಂದ್ರು. ಅದಕ್ಕೇ ಮಲಗಿದೆ. ಅವರೇ ಹೇಳಿದ್ದು."

ಮಗಳು ಮಂಚದ ಹಿಡಿಕೆ ಹಿಡಿದು ನಿಂತಳು. ಇಳಿಸಲು ಏನೂ ಉಳಿದಿರಲಿಲ್ಲ, ಮಂಚ ಸಪಾಟಾಗಿಯೇ ಇತ್ತು. ಅಪ್ಪನ ಕಿವಿಯ ಹತ್ತಿರ ಬಾಗಿ, "ಅಪ್ಪ, ಗೊತ್ತಾಯ್ತು. ಈಗ ಗೊತ್ತಾಯ್ತಪ್ಪ," ಎಂದಳು. ಅಪ್ಪ ಅವಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಒಂದು ಮಾತು ಮೇಲೆತ್ತಿ ತಂದರೂ, ಕೇಳಿದವರು ನಗುತ್ತ ತಮ್ಮ ತಮ್ಮ ದಾರಿ ಹಿಡಿದದ್ದನ್ನು ಅವನು ಇಡೀ ಮಧ್ಯಾಹ್ನ ಕೂತು ನೋಡಿದ್ದ. ಆಮೇಲೆ ಅವನು ಮಾತಿನ ಗೊಡವೆಗೆ ಹೋಗಲಿಲ್ಲ. ಗಾಯ ಕೀವಾಗಿ, ನಂಜು ಮೈಗೇರಿ ಆಸ್ಪತ್ರೆಗೆ ಸೇರಿಸಿದಾಗಲೂ, ವೈದ್ಯರು ಗಲ್ಲ ತಟ್ಟಿ ತಟ್ಟಿ ಮಾತಾಡಿಸಿದಾಗಲೂ ತುಟಿ ಬಿಚ್ಚಲಿಲ್ಲ. ಅಲ್ಲೇ ಹೋದ.

ಮಗಳು ಆ ಸಾಲನ್ನು ಮೊದಲಿದ್ದಂತೆ ನಿಂತು ಕಾಯುವಂತೆ ಮಾಡಿದಳು. ಮುಟ್ಟಬೇಡಿ ಎನ್ನುವುದರ ಕೆಳಗೆ ಕಾರಣ ಬರೆದಳು. ಪರಿಶೀಲಿಸಿದವರು ಚೆನ್ನಾಗಿ ವಿವರಿಸಿದ್ದೀರಿ ಎಂದು ಹೊಗಳಿ ಕೆಲಸವನ್ನು ಒಪ್ಪಿಕೊಂಡರು. ಅವಳು ಹೊಗಳಿಕೆಯನ್ನು ಪೂರ್ತಿ ಓದದೆ ಪರದೆ ಮುಚ್ಚಿದಳು.

ಬಾಡಿಗೆಯವರು ಬಂದು ಮಂಚ ಬಿಚ್ಚಿಕೊಂಡು ಹೋದ ದಿನ, ಹಜಾರ ಬೋಳು ಬೋಳಾಗಿತ್ತು. ನೆಲದ ಮೇಲೆ ಮಂಚದ ಕಾಲುಗಳ ಗುರುತು ಉಳಿದಿತ್ತು. ಅಮ್ಮ ಬಟ್ಟೆ ಒದ್ದೆ ಮಾಡಿ ತಂದು ಉಜ್ಜಿದಳು, ಅದು ಹೋಗಲಿಲ್ಲ. ಉಜ್ಜುವುದನ್ನು ನಿಲ್ಲಿಸಿ, ತಲೆ ಎತ್ತದೆಯೇ ಕೇಳಿದಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಅವರು ಮಲಗು ಅಂದಿದ್ದು ನನಗೇ ತಾನೆ?"

ಅಮ್ಮ ಕಾಯುತ್ತಿದ್ದಳು.

"ನಿನಗೇ ಅಮ್ಮ. ಇನ್ಯಾರಿಗೆ ಹೇಳ್ತಾನೆ?"

"ಹೌದಲ್ವಾ?" ಅಮ್ಮ ನಿಡಿದಾಗಿ ಉಸಿರು ಬಿಟ್ಟಳು. "ಹಾಗಾದ್ರೆ ಸ್ವಲ್ಪ ಹೊತ್ತು ಮಲಗ್ತೀನಿ ಕಣೇ."

ಬಟ್ಟೆಯನ್ನು ಹಿಂಡಿ ಒಣಗಲು ಹಾಕಿ ಅಮ್ಮ ಒಳಗೆ ಹೋದಳು. ಮಗಳು ಮಂಚವಿದ್ದ ಜಾಗದಲ್ಲಿ ಹಾಗೇ ನಿಂತಿದ್ದಳು.