ಮೊಳೆಯ ಮೇಲಿನ ನೀಲಿ ಕೋಟು

ಫೋಟೋದವಳು ಬಂದ ದಿನ ಇಸ್ತ್ರಿಯವಳ ತಲೆ ಕೆಟ್ಟಿತ್ತು ಅಂತಲೇ ಹೇಳಬೇಕು. ಇಲ್ಲದಿದ್ದರೆ ಗಿರಾಕಿಯ ಬಟ್ಟೆಯನ್ನು ಮೈಗೆ ಹಾಕಿಕೊಳ್ಳುತ್ತಿದ್ದಳೇ? ಆ ಕಸುಬಿನಲ್ಲಿ ಬಟ್ಟೆ ಸುಟ್ಟರೂ ಕ್ಷಮೆಯುಂಟು, ತೊಟ್ಟರೆ ಇಲ್ಲ.

ಫೋಟೋದವಳು ಹೊರದೇಶದವಳು. ಇಲ್ಲಿನ ಜನ ದಿನಾ ಹೇಗೆ ಬದುಕುತ್ತಾರೆಂದು ಚಿತ್ರ ತೆಗೆಯಲು ಬಂದಿದ್ದಳು. ಮಾತು ಅರೆಬರೆ ಕಲಿತಿದ್ದಳು. ಬೆಳಿಗ್ಗೆಯಿಂದ ಅಂಗಡಿಯ ಮೂಲೆಯಲ್ಲಿ ಕೂತು ಕ್ಯಾಮೆರಾ ಒತ್ತುತ್ತಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿಯವಳಿಗೆ ತನ್ನ ಮಾಸಿದ ಅಂಗಿಯ ಮೇಲೆ ನಾಚಿಕೆ ಹುಟ್ಟಿತು. ಹಿಂದಿನ ಮೊಳೆಯಲ್ಲಿ ಟೀಚರಮ್ಮನ ನೀಲಿ ಕೋಟು ತೂಗುತ್ತಿತ್ತು. ಸರಕ್ಕನೆ ತೊಟ್ಟು, ನೆಟ್ಟಗೆ ನಿಂತು, “ಈಗ ತೆಗಿ ನೋಡೋಣ” ಅಂದಳು. ಫೋಟೋದವಳು ತೆಗೆದಳು.

ಅದನ್ನು ಮರೆತೂ ಆಗಿತ್ತು. ಇವತ್ತು ಟೀಚರಮ್ಮ ಬಟ್ಟೆ ಒಯ್ಯಲು ಬಂದವರು, “ಲೈಬ್ರರಿ ಹಾಲಿನಲ್ಲಿ ಫೋಟೋ ಹಾಕಿದ್ದಾರಂತೆ, ನಿಂದೂ ಇದೆಯಂತೆ ಕಣೇ! ಸಂಜೆ ಜೊತೇಲೇ ಹೋಗೋಣ” ಅಂದರು.

ಅವರು ಅತ್ತ ಹೋಗುತ್ತಲೇ ಗಂಡ ಹಲ್ಲು ಬಿಟ್ಟ. “ಅವರ ಕೋಟಲ್ಲೇ ಮೆರೆದೆಯಲ್ಲ, ಅವರೇ ಬಂದು ನೋಡ್ಲಿ ಬಿಡು.”

“ಬಾಯ್ಮುಚ್ರೀ! ನಾಳೆಯಿಂದ ಅಂಗಡಿಗೆ ಒಂದು ಬಟ್ಟೆನೂ ಬರಲ್ಲ. ಆಗ ನಿಮ್ಮ ನಾಲಿಗೆಗೇ ಇಸ್ತ್ರಿ ಹಾಕ್ಕೊಂಡು ಕೂರ್ತೀನಿ.”

ಸಂಜೆ ಟೀಚರಮ್ಮ ಬಂದದ್ದು ಅದೇ ನೀಲಿ ಕೋಟು ತೊಟ್ಟು! ಕುಂಬಳಕಾಯಿ ಕಳ್ಳನ ಹಾಗೆ ಇಸ್ತ್ರಿಯವಳು ದಾರಿಯುದ್ದಕ್ಕೂ ಹೆಗಲು ಮುಟ್ಟಿಕೊಳ್ಳುತ್ತಾ ನಡೆದಳು. ಮಜಾ ನೋಡಲು ಗಂಡನೂ ಹಿಂದೆಯೇ ಬಂದ. ಹಾಲಿನೊಳಗೆ ಕಾಲಿಟ್ಟವಳೇ ನೆಲ ನೋಡುತ್ತ ನಿಂತಳು.

“ಅಯ್ಯೋ! ಅಲ್ನೋಡು, ನನ್ನ ಕೋಟು!” ಟೀಚರಮ್ಮ ಕೂಗಿದರು.

ಇಸ್ತ್ರಿಯವಳ ಜೀವ ಬಾಯಿಗೆ ಬಂತು. “ತಪ್ಪಾಯ್ತು...” ಅನ್ನಲು ತುಟಿ ಬಿಚ್ಚಿದಳು.

“ಹಿಂದೆ ಮೊಳೆ ಮೇಲೆ ಕಣೇ! ನನ್ನ ಕೋಟಿಗೂ ಯೋಗ ಬಂತಲ್ಲ!”

ತಲೆಯೆತ್ತಿದಳು. ಗೋಡೆಯ ತುಂಬ ಅವಳೇ. ಮಾಸಿದ ಅಂಗಿ, ಮೇಲೆ ಮಡಚಿದ ತೋಳು, ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಬಾಯಿ ಊರಗಲ. ಬಟ್ಟೆ ರಾಶಿಯ ಹಿಂದೆ, ಅವತ್ತು ಯಾರದೋ ಅಂಗಿಯ ಕಾಲರ್ ಸುಟ್ಟು ಬೈಸಿಕೊಂಡ ಗಂಡ ತಲೆ ತಗ್ಗಿಸಿದ್ದಾನೆ. ಕೋಟು ತನ್ನ ಪಾಡಿಗೆ ಮೊಳೆಯಲ್ಲಿದೆ. ಹೋದ ಜೀವ ಬಂದ ಹಾಗಾಯಿತು. ಗೋಡೆಗೆ ಒರಗಿ ಉಸಿರು ಬಿಟ್ಟಳು.

ಟೀಚರಮ್ಮ ಮುಂದಿನ ಫೋಟೋಗೆ ಸರಿದಾಗ, ಬಾಗಿಲ ಬಳಿ ನಿಂತಿದ್ದ ಫೋಟೋದವಳನ್ನು ಬದಿಗೆಳೆದು ಪಿಸುಗುಟ್ಟಿದಳು: “ಇನ್ನೊಂದು ತೆಗೆದ್ಯಲ್ಲ, ಅದೆಲ್ಲಿ?”

“ಅದು ಚೆನ್ನಾಗಿಲ್ಲ” ಎಂದು ಅವಳು ಮೂಗು ಮುರಿದಳು. “ತೋಳು ದೊಡ್ಡದು. ನಗು ಸಣ್ಣದು. ಯಾರಿಗೂ ತೋರಿಸಲ್ಲ.”

ಇಸ್ತ್ರಿಯವಳು ಅವಳ ಕೆನ್ನೆ ಹಿಂಡಿಯೇ ಬಿಟ್ಟಳು.

ಮನೆಗೆ ಬರುವಾಗ ಗಂಡ ಗೊಣಗಿದ. “ನೀನು ನನ್ನ ಬಯ್ಯೋದು ಇಡೀ ಊರಿಗೇ ಗೊತ್ತಾಯ್ತು. ಮಾನ ಹೋಯ್ತು.”

“ಹೋಗ್ಲಿ ಬಿಡ್ರೀ” ಎಂದು ಅವಳು ಗಟ್ಟಿಯಾಗಿ ನಕ್ಕಳು. “ಬೈದ ಬಾಯಾದ್ರೂ ನಂದೇ ತಾನೇ? ಗಿರಾಕಿದಲ್ವಲ್ಲ!”