ಸರ್ವಮಂಗಳಾ ಸಾಕಿದ ಹುಳು

ಸೀತೂರಿನ ಸರ್ವಮಂಗಳಾ ಕೊಟ್ಟಿಗೆಗೆ ಹಾಸಲು ಕಾಡಿನ ಅಂಚಿನಲ್ಲಿ ದರಗು ಗುಡಿಸುತ್ತಿದ್ದಾಗ ಒಣ ಎಲೆಗಳ ಅಡಿಯಲ್ಲಿ ಆ ಹುಳು ಸಿಕ್ಕಿತು. ಬೆರಳುದ್ದ, ಕಪ್ಪು, ಮೈಮೇಲೆ ಹೆಂಚು ಹೊದಿಸಿದಂತೆ ಪದರ. ಗಂಡ ತೀರಿಕೊಂಡ ಮೇಲೆ ಅವನ ನಂಬರಿನ ಜೊತೆಗೆ ಬೆಳೆಗಾರರ ವಾಟ್ಸಾಪ್ ಗ್ರೂಪೂ ಅವಳ ಪಾಲಿಗೆ ಬಂದಿತ್ತು. ಅಲ್ಲಿ ಅವಳನ್ನು ಮಾತಾಡಿಸುವವರೇ ಇರಲಿಲ್ಲ. ಹುಳುವಿನ ಫೋಟೋ ಹಾಕಿದ್ದೇ ತಡ, ಎಲ್ಲರೂ ಪಂಡಿತರಾದರು. ಒಂದು ಅಡಿಕೆ ಮರ ಹಳದಿಯಾದರೂ ನಿದ್ದೆಗೆಡುವ ಜನ. ಅವರ ಕಣ್ಣಿಗೆ ಮಣ್ಣಿನ ಹುಳುವೆಲ್ಲ ಅಡಿಕೆಯ ಬೇರು ತಿನ್ನುವ ಬೇರುಹುಳುವೇ. ಜಜ್ಜಿ ಹಾಕಿ ಎಂದು ತೀರ್ಪಾಯಿತು.

ಅದೇ ಗ್ರೂಪಿನಲ್ಲಿದ್ದ ಕೊಪ್ಪದ ಹೈಸ್ಕೂಲಿನ ಯೋಗೇಂದ್ರ ಮೇಷ್ಟ್ರು ಮಾತ್ರ ಅವಳಿಗೇ ಫೋನು ಮಾಡಿದರು. ಬೇರುಹುಳು ಬೆಳ್ಳಗಿರುತ್ತದೆ, ಇದು ಬೇರೆ ಯಾವುದೋ ದುಂಬಿ ಜಾತಿಯ ಮರಿ, ಕೊಲ್ಲಬೇಡಿ, ಏನು ತಿನ್ನುತ್ತದೆ ನೋಡಿ ಹೇಳಿ ಎಂದರು. ಅವಳು ಹಾರ್ಲಿಕ್ಸ್ ಬಾಟಲಿಗೆ ಮಣ್ಣು ಹಾಕಿ ಸಾಕಿದಳು. ಬಸವನಹುಳು ಕೊಟ್ಟರೆ ತಿಂದಿತು. ದಿನಾ ಸಂಜೆ ಮೇಷ್ಟ್ರ ಫೋನು. ಹುಳುವಿನ ಸಮಾಚಾರ ಮುಗಿದ ಮೇಲೆ, ನಿಮ್ಮ ಊಟ ಆಯಿತೇ ಎಂದೂ ಕೇಳುತ್ತಿದ್ದರು. ಅಷ್ಟನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಮಧ್ಯಾಹ್ನದಿಂದಲೇ ಅವಳು ಫೋನಿನ ಚಾರ್ಜು ನೋಡತೊಡಗುತ್ತಿದ್ದಳು.

ಒಂದು ರಾತ್ರಿ ಕರೆಂಟು ಹೋದಾಗ ಬಾಟಲಿಯೊಳಗೆ ಹುಳುವಿನ ಬಾಲ ಹಸಿರಾಗಿ ಬೆಳಗಿತು. ಮಿಂಚುಹುಳುವಿನ ಮರಿ ಎಂದು ಅವಳಿಗೆ ತಟ್ಟನೆ ಹೊಳೆಯಿತು. ಖುಷಿಪಡುವುದು ಬಿಟ್ಟು ಅವಳು ಬಾಟಲಿಯ ಮೇಲೆ ಸೆರಗು ಮುಚ್ಚಿದಳು. ಗುರುತು ಸಿಕ್ಕ ಹುಳುವಿಗಾಗಿ ಯಾರು ದಿನಾ ಫೋನು ಮಾಡುತ್ತಾರೆ?

ಮರುದಿನ ಮೇಷ್ಟ್ರು ಅದನ್ನೇ ಕೇಳಿದರು. "ಮಂಗಳಕ್ಕ, ಕತ್ತಲಲ್ಲಿ ಅದು ಬೆಳಕು ಬಿಡ್ತದಾ?"

"ಇಲ್ಲ ಮೇಷ್ಟ್ರೇ, ಎಂತ ಬೆಳಕೂ ಇಲ್ಲ" ಎಂದಳು.

"ಹಂಗಾದ್ರೆ ಬಿಟ್ಬಿಡಿ ಅಕ್ಕ, ನಾನು ಹುಡುಕ್ತಿರೋ ಹುಳ ಅಲ್ಲ ಅದು. ಬೆಳಕು ಬಿಟ್ಟಿದ್ರೆ ಈಗ್ಲೇ ಬೈಕ್ ಹತ್ತಿ ನಿಮ್ಮನೆಗೆ ಬಂದ್ಬಿಡ್ತಿದ್ದೆ."

ಮೇಷ್ಟ್ರು ಫೋನು ಇಟ್ಟರು. ಮಾರನೆಯ ಸಂಜೆ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಈಗ ಸರ್ವಮಂಗಳಾ ದೀಪ ಹಾಕದೆ ಬಾಟಲಿಯ ಎದುರು ಕೂತಿದ್ದಾಳೆ. ಮೇಷ್ಟ್ರ ನಂಬರು ತೆಗೆಯುತ್ತಾಳೆ, ಮತ್ತೆ ಫೋನು ಕೆಳಗಿಡುತ್ತಾಳೆ. ಒಂದು ಮಾತು ಹೇಳಿದರೆ ಅವರು ಬಂದೇ ಬರುತ್ತಾರೆ. ಆದರೆ ಮೊದಲೇಕೆ ಇಲ್ಲ ಅಂದಿರಿ ಎಂದು ಕೇಳದೆ ಇರುತ್ತಾರೆಯೇ? ನಿಮ್ಮ ಫೋನು ನಿಂತುಹೋಗುತ್ತದೆ ಎಂದು ಹೆದರಿ ಹಾಗಂದೆ ಎಂದು ಅವರಿಗೆ ಹೇಗೆ ಹೇಳುವುದು?